ಥೂ ಅಕ್ಕ ಕಾವಲಿದ್ದ ಸರ್ವರ್

ಸರ್ವರಿಗೆ ನೆಗಡಿ ಬರುವ ಮುಂಚೆ ತನಗೆ ಸೀನು ಬರುತ್ತದೆ ಎಂದು ಥೂ ಅಕ್ಕ ಹೇಳಿಕೊಳ್ಳುತ್ತಿದ್ದಳು. ಒಂದೆರಡು ಸಲ ಹೇಳಿದ್ದರೆ ಯಾರೂ ತಲೆಗೆ ಹಾಕಿಕೊಳ್ಳುತ್ತಿರಲಿಲ್ಲ. ಆ ಕಟ್ಟಡದ ಲಿಫ್ಟಿಗೆ ಬಾಯಿ ಇದ್ದಿದ್ದರೆ ಅದೂ ಈ ಮಾತನ್ನು ತಡವರಿಸದೆ ಒಪ್ಪಿಸುತ್ತಿತ್ತು, ಅಷ್ಟು ಸಲ ಹೇಳಿದ್ದಳು.

"ನನ್ನ ಕಣ್ಣು ತಪ್ಪಿಸಿ ಇಲ್ಲಿ ಯಾವುದಾದರೂ ವೆಬ್‌ಸೈಟು ಒಂದು ತುತ್ತು ಹೆಚ್ಚಿಗೆ ತಿಂದಿದೆ ಅಂತ ತೋರಿಸಿ, ಆವತ್ತೇ ಈ ಕುರ್ಚಿ ಬಿಟ್ಟು ಎದ್ದು ಹೋಗ್ತೀನಿ" ಎನ್ನುವುದು ಆ ಮಾತಿನ ಬಾಲ.

ಕುರ್ಚಿಗೆ ಆಸೆಪಟ್ಟವರಂತೂ ಯಾರೂ ಇರಲಿಲ್ಲ. ಥೂ ಅಕ್ಕ ದಿನಾ ಬೆಳಿಗ್ಗೆ ಅದನ್ನು ಸ್ಪಿರಿಟ್ ಹಾಕಿ ಒರೆಸುತ್ತಿದ್ದಳು. ಒರೆಸಿ ಒರೆಸಿ ಅದರ ಬಣ್ಣ ಹೋಗಿ, ಬಟ್ಟೆ ಹೋಗಿ, ಈಗ ಅದರ ಮರ್ಯಾದೆ ಮಾತ್ರ ಉಳಿದಿತ್ತು.

ಅವಳ ನಿಜವಾದ ಹೆಸರು ಬ್ಯಾಂಕಿನವರಿಗೆ ಗೊತ್ತಿರಬೇಕು. ಉಳಿದವರಿಗೆಲ್ಲ ಅವಳು ಥೂ ಅಕ್ಕ. ಬಾಗಿಲ ಹಿಡಿ ಜಿಗುಟಾಗಿದ್ದರೆ ಥೂ, ಲೋಟದ ಅಂಚಿನಲ್ಲಿ ಯಾರದೋ ತುಟಿಯ ಗುರುತಿದ್ದರೆ ಥೂ, ಎದುರಿಗೆ ಯಾರಾದರೂ ಆಕಳಿಸಿದರೆ ಅವರ ದವಡೆ ಹಲ್ಲು ನೋಡಿ ಥೂ. ಹುಟ್ಟಿದ ಕೂಡಲೇ ಎಲ್ಲ ಮಕ್ಕಳ ಹಾಗೆ ಅಳದೆ, ಹೆರಿಗೆ ಕೋಣೆಯ ನೆಲವನ್ನೊಮ್ಮೆ ನೋಡಿ, ಮುಖ ಸಿಂಡರಿಸಿ, ಬಂದ ದಾರಿಯಲ್ಲೇ ವಾಪಸ್ ಹೊರಟಿದ್ದಳಂತೆ. ಇದು ಅವಳನ್ನು ಸಾಕಿ ಬೆಳೆಸಿದ ಸೋದರತ್ತೆ ಹೇಳುವ ಮಾತು.

ಅವಳ ಕೆಲಸವೆಂದರೆ ಕಾವಲು. ಅವಳು ಇದ್ದದ್ದು ವೆಬ್‌ಸೈಟುಗಳಿಗೆ ಜಾಗ ಬಾಡಿಗೆ ಕೊಡುವ ಕಂಪನಿಯಲ್ಲಿ. ಸ್ವಂತ ಸರ್ವರ್ ಇಟ್ಟುಕೊಳ್ಳುವ ತಾಕತ್ತಿಲ್ಲದ ಸಣ್ಣಪುಟ್ಟ ಸೈಟುಗಳನ್ನು ನೂರಾರು ಸಂಖ್ಯೆಯಲ್ಲಿ ಒಂದೇ ಸರ್ವರಿನೊಳಗೆ ತುರುಕುವುದಕ್ಕೆ ಶೇರ್ಡ್ ಹೋಸ್ಟಿಂಗ್ ಎಂಬ ಗೌರವದ ಹೆಸರಿದೆ. ಅಸಲಿಗೆ ಅದು ವಠಾರ. ಅಷ್ಟೂ ಸಂಸಾರಕ್ಕೆ ಒಂದೇ ನಲ್ಲಿ, ಒಂದೇ ಬಚ್ಚಲು, ಒಂದೇ ಅಡುಗೆಮನೆ. ಆ ಅಡುಗೆಮನೆಗೆ ಡೇಟಾಬೇಸ್ ಎನ್ನುತ್ತಾರೆ. ಬೆಲೆಯೋ ವಿಳಾಸವೋ ಫೋಟೋವೋ, ಯಾವ ಸೈಟಿಗೆ ಏನು ಬೇಕಾದರೂ ಅಲ್ಲಿ ಕೇಳಿಯೇ ಪಡೆಯಬೇಕು. ಒಬ್ಬ ಬಾಡಿಗೆದಾರ ಒಲೆಯ ಮುಂದೆ ಠಿಕಾಣಿ ಹೂಡಿದರೆ ಉಳಿದವರು ಖಾಲಿ ಪಾತ್ರೆ ಹಿಡಿದು ಸಾಲಾಗಿ ನಿಲ್ಲಬೇಕು. ಆ ಸಾಲು ಎಷ್ಟುದ್ದ ಎಂಬುದೇ ಲೋಡ್. ಸಾಲು ಬೀದಿಗೆ ಬಂದರೆ ಸರ್ವರ್ ಏದುಸಿರು ಬಿಡುತ್ತದೆ, ಯಾರ ಸೈಟೂ ತೆರೆಯುವುದಿಲ್ಲ, ಫೋನುಗಳು ಬಾಯಿ ಬಡಿದುಕೊಳ್ಳುತ್ತವೆ.

ಕಂಪನಿಯ ಧಣಿ ಮಾತ್ರ ಕಟ್ಟಡದ ಹೊರಗೆ, ರಸ್ತೆಯ ಆ ತುದಿಗೂ ಕಾಣುವಂತೆ, "ಅನ್‌ಲಿಮಿಟೆಡ್, ಎಷ್ಟು ಬೇಕಾದರೂ ಬಳಸಿ" ಎಂದು ಬೋರ್ಡ್ ಹಾಕಿಸಿದ್ದ. ಹೊಟ್ಟೆ ತುಂಬ ತಿನ್ನುವವರು ಯಾರೂ ಬರಲಾರರು ಎಂಬ ಧೈರ್ಯ ಅವನದು. ಬಂದರೆ ಕುತ್ತಿಗೆ ಹಿಡಿದು ಆಚೆ ನೂಕಲು ಥೂ ಅಕ್ಕ ಇದ್ದಳಲ್ಲ. ದಿನಾ ಆ ಬೋರ್ಡಿನ ಕೆಳಗೆ ಹಾದು ಬರುವಾಗ ಅವಳು ಅದಕ್ಕೊಂದು ಥೂ ಸಲ್ಲಿಸಿಯೇ ಮೆಟ್ಟಿಲು ಹತ್ತುತ್ತಿದ್ದಳು.

ನೂಕುವುದರಲ್ಲಿ ಅವಳು ಎತ್ತಿದ ಕೈ. ಮದುವೆ ಫೋಟೋ ತೆಗೆಯುವವನೊಬ್ಬ ಎಷ್ಟು ದೊಡ್ಡ ಫೋಟೋಗಳನ್ನು ಹಾಕಿದ್ದನೆಂದರೆ ಮದುಮಗಳ ಮೊಡವೆಯ ಮೇಲೆ ಫುಟ್‌ಬಾಲ್ ಪಂದ್ಯ ಆಡಿಸಬಹುದಿತ್ತು; ಅವನಿಗೆ ಬೀಗ. ಪಾರಿವಾಳ ಸಾಕುವವರ ಸಂಘದ ಸೈಟು, ಯಾರಾದರೂ ಇಣುಕಿದರೆ ಸಾಕು, ಪ್ರತಿಯೊಂದು ಹಕ್ಕಿಯ ಏಳು ತಲೆಮಾರನ್ನೂ ಡೇಟಾಬೇಸಿನಿಂದ ಎಬ್ಬಿಸಿ ಕರೆತರುತ್ತಿತ್ತು; ಅದಕ್ಕೂ ಬೀಗ. ನಿಯಮವನ್ನು ಅವಳೇ ಬರೆದು ಗೋಡೆಗೆ ಅಂಟಿಸಿದ್ದಳು: ಸರ್ವರ್ ಏದುಸಿರು ಬಿಡುವಾಗ ಡೇಟಾಬೇಸಿನ ಸಾಲಿನಲ್ಲಿ ಯಾರ ಹೆಸರು ಎಲ್ಲಕ್ಕಿಂತ ಮೇಲಿದೆಯೋ ಅವರು ಹೊರಗೆ, ಅವರು ನೆಂಟರಾಗಲಿ, ಧಣಿಯೇ ಆಗಲಿ.

ಕೋಣೆಯಲ್ಲಿ ಅವಳ ಜೊತೆ ಇದ್ದವನು ಫೋನ್ ಎತ್ತುವವನು. ಅವನ ದನಿ ಕೇಳಿದವರಿಗೆ ಆ ಕ್ಷಣವೇ ಹಲ್ಲು ಹುಳುಕಾಗುವಷ್ಟು ಸಿಹಿ, ಹಾಗಾಗಿ ಸಕ್ಕರೆ ಎಂದೇ ಹೆಸರು. ದನಿ ಸಿಹಿಯಾದರೂ ಕೈ ಎಣ್ಣೆ. ಸಕ್ಕರೆ ಬೆಳಿಗ್ಗೆಯಿಂದ ಸಂಜೆಯವರೆಗೆ ಏನನ್ನಾದರೂ ಮೆಲ್ಲುತ್ತ, ಮೆಲ್ಲಿದ್ದರಲ್ಲಿ ಅರ್ಧವನ್ನು ಕೀಬೋರ್ಡಿಗೆ ಉಣಿಸುತ್ತಿದ್ದ. ಮೂಲೆಯಲ್ಲಿ ಎಸಿ ಬಕೆಟ್ಟಿನೊಳಗೆ ಹಳದಿ ನೀರು ತೊಟ್ಟಿಕ್ಕುತ್ತಿತ್ತು; ಆ ಬಕೆಟ್ಟಿನಲ್ಲಿ ಹುಟ್ಟಿದ ಸೊಳ್ಳೆಗಳ ಮೊಮ್ಮಕ್ಕಳು ಈಗ ಅದೇ ಕೋಣೆಯಲ್ಲಿ ಸಂಸಾರ ಹೂಡಿದ್ದವು. ಮಧ್ಯಾಹ್ನ ಊಟದ ಡಬ್ಬಿಗಳು ತೆರೆದುಕೊಂಡು ಚಪ್ಪರಿಸುವ ಸದ್ದು ಶುರುವಾದರೆ ಥೂ ಅಕ್ಕ ತನ್ನ ಡಬ್ಬಿ ಎತ್ತಿಕೊಂಡು ತಾರಸಿಗೆ ಓಡುತ್ತಿದ್ದಳು. ಅಲ್ಲಿ ನೀರಿನ ಟ್ಯಾಂಕಿನ ಪಕ್ಕ, ಗೋಡೆಗೆ ಮುಖ ಮಾಡಿ, ನಿಂತೇ ಉಣ್ಣುವುದು.

ಆಗ ಸರ್ವರುಗಳನ್ನು ಕಾಯುವವರು ಯಾರು. ಅದಕ್ಕೂ ಅವಳು ಏರ್ಪಾಡು ಮಾಡಿದ್ದಳು. ತನ್ನ ಮೇಜಿನ ಕಂಪ್ಯೂಟರಿನಲ್ಲಿ ಒಂದು ಪ್ರೋಗ್ರಾಂ ಬರೆದು ಅದಕ್ಕೆ ಕಾವಲುಗಾರ ಎಂದು ಹೆಸರಿಟ್ಟಿದ್ದಳು. ಅವಳು ಕುರ್ಚಿಯಲ್ಲಿದ್ದಾಗ ಅದು ಆಗೊಮ್ಮೆ ಈಗೊಮ್ಮೆ ಪ್ರತಿ ಸರ್ವರಿನ ಬಾಗಿಲು ತಟ್ಟಿ "ಹೇಗಿದ್ದೀರಿ" ಎಂದು ಕೇಳುತ್ತಿತ್ತು, ಅಷ್ಟೆ. ಈಚೆಗೆ ಊಟದ ಹೊತ್ತಿಗೆಂದೇ ಅದಕ್ಕೆ ಒಂದು ದೊಡ್ಡ ತಪಾಸಣೆಯನ್ನೂ ಕಲಿಸಿದ್ದಳು: ಪ್ರತಿ ಬಾಡಿಗೆದಾರನ ಗೂಡಿಗೂ ನುಗ್ಗಿ, ಅವನು ಡೇಟಾಬೇಸಿನಲ್ಲಿ ಇಟ್ಟುಕೊಂಡ ಒಂದೊಂದು ಸಾಮಾನನ್ನೂ ಎಣಿಸಿ ಬರುವುದು. ಕಾವಲುಗಾರನ ಹೆಸರು ಪದೇ ಪದೇ ಕಂಡು ಸ್ಕ್ರೀನು ಗಲೀಜಾಗುತ್ತದೆಂದು ಆ ಹೆಸರು ಯಾವ ಸಾಲಿನಲ್ಲೂ ಕಾಣದ ಹಾಗೆ ಮಾಡಿಟ್ಟಿದ್ದಳು. ಕಸಬರಿಗೆಯನ್ನು ಯಾರಾದರೂ ನಡುಮನೆಯಲ್ಲಿ ನಿಲ್ಲಿಸುತ್ತಾರೆಯೇ.

ಹೀಗಿರುವಾಗ ಮೂರನೆಯ ಸರ್ವರಿಗೆ ಮಧ್ಯಾಹ್ನದ ಉಬ್ಬಸ ಹಿಡಿಯಿತು. ಬೆಳಿಗ್ಗೆಯೆಲ್ಲ ಚೆನ್ನಾಗಿಯೇ ಇರುವುದು. ಊಟದ ಹೊತ್ತಿಗೆ ಲೋಡ್ ಏರಿ ಏರಿ ಗ್ರಾಫಿನ ಗೆರೆ ಸ್ಕ್ರೀನು ದಾಟಿ ಮೇಲಿನ ಮಹಡಿಯವರ ಮನೆಗೆ ಹೋಗುವುದು. ಥೂ ಅಕ್ಕ ತಾರಸಿಯಿಂದ ಇಳಿದು ಬರುವಷ್ಟರಲ್ಲಿ ಸಕ್ಕರೆಯ ಎರಡು ಕಿವಿಗೂ ಫೋನುಗಳು ಅಂಟಿಕೊಂಡಿರುತ್ತಿದ್ದವು.

ಧಣಿ ತನ್ನ ಕೋಣೆಯಿಂದ ಎದ್ದು ಬಂದ. ತಲೆಯ ಮೇಲೆ ಸದಾ ಒಂದು ಉಣ್ಣೆಯ ಟೋಪಿ ಧರಿಸುವ ಮನುಷ್ಯ. ಬೇಸಿಗೆಯಲ್ಲೂ ಕಿವಿಯ ತನಕ ಇಳಿಸಿ, ಒಳಗಿನಿಂದ ಬೆವರಿನ ಕಾಲುವೆಗಳನ್ನು ಹರಿಯಬಿಡುತ್ತಿದ್ದ.

"ಅಕ್ಕ, ಇದು ಯಾರ ಕೆಲಸ?"

"ಯಾವನೋ ಹೊಟ್ಟೆಬಾಕ, ಸಾರ್. ಇವತ್ತು ಸಿಗ್ತಾನೆ."

ಅವತ್ತು, ಅಂದರೆ ಬುಧವಾರ, ಅವಳು ಡಬ್ಬಿಯನ್ನು ಅರ್ಧಕ್ಕೆ ಮುಚ್ಚಿ ಓಡಿ ಬಂದು ಸ್ಕ್ರೀನು ನೋಡಿದಳು. ಡೇಟಾಬೇಸಿನ ಸಾಲಿನಲ್ಲಿ ಎಲ್ಲರಿಗಿಂತ ಮೇಲೆ, ಬಹಳ ಹೊತ್ತಿನಿಂದ ಅಲ್ಲಾಡದೆ ನಿಂತಿದ್ದದ್ದು ಒಂದು ವಿಗ್ ಅಂಗಡಿಯ ಸೈಟು. ಅವಳ ಸೋದರತ್ತೆಯದು.

"ಅಕ್ಕಾ, ಅದು ನಿಮ್ಮತ್ತೇದಲ್ವಾ?" ಸಕ್ಕರೆ ಹಿಂದಿನಿಂದ ಇಣುಕಿದ. ಅವನ ಉಸಿರಿನಲ್ಲಿ ಬೆಳ್ಳುಳ್ಳಿಯಿತ್ತು.

"ಥೂ, ದೂರ ನಿಂತ್ಕೋ" ಎಂದಳು. ಗೋಡೆಯ ಮೇಲಿನ ನಿಯಮವನ್ನೊಮ್ಮೆ ನೋಡಿದಳು. ಅದರ ಕೆಳಗೆ ಅವಳದೇ ಸಹಿ. ಬೀಗ ಹಾಕಿದಳು.

ಅತ್ತೆಯ ಅಂಗಡಿಯೆಂದರೆ ಅತ್ತೆಯ ಮನೆಯೇ. ಎರಡು ಕೋಣೆ, ಕಿಟಕಿಯ ಉದ್ದಕ್ಕೂ ಮರದ ತಲೆಗಳ ಸಾಲು, ಹಗ್ಗದ ಮೇಲೆ ಒಣಗಲು ಹಾಕಿದ ಕೂದಲಿನ ಕಂತೆಗಳು. ಅತ್ತೆ ಬಲೆಯ ಟೋಪಿಗೆ ಒಂದೊಂದೇ ಎಳೆಯನ್ನು ಸೂಜಿಯಲ್ಲಿ ಹೆಣೆದು ತಲೆ ಕಟ್ಟುವವಳು. ಆ ಮನೆಯಲ್ಲಿ ಸಾಬೂನಿನ ಮೇಲೆ ಕೂದಲು, ಹಾಸಿಗೆಯಲ್ಲಿ ಕೂದಲು, ಹಾಲಿನಲ್ಲಿ ಕೂದಲು. ಮೊಟ್ಟೆ ಒಡೆದರೆ ಅದರೊಳಗೂ ಒಂದು ಇರುತ್ತಿತ್ತು. ಮಗು ಮೊದಲು ಕಲಿತ ಮಾತು ಅಮ್ಮ ಅಲ್ಲ, ಅತ್ತೆ ಅಲ್ಲ, ಥೂ. ನಾಲಿಗೆಯ ಮೇಲಿನ ಎಳೆಯನ್ನು ಹೊರಹಾಕಲು ಅದು ಬಿಟ್ಟರೆ ಬೇರೆ ಉಪಾಯವಿರಲಿಲ್ಲ. ಆದರೂ ಪ್ರತಿ ಬುಧವಾರ ಸಂಜೆ ಅವಳು ಅಲ್ಲಿಗೆ ಹೋಗುವುದನ್ನು ತಪ್ಪಿಸುತ್ತಿರಲಿಲ್ಲ. ಇಡೀ ಜಗತ್ತಿನಲ್ಲಿ ಅವಳು ಒರೆಸದೆ ಕೂರುತ್ತಿದ್ದದ್ದು ಆ ಮನೆಯ ಸ್ಟೂಲಿನ ಮೇಲೆ ಮಾತ್ರ.

ಕೂತಳು. "ಅತ್ತೆ, ನಿನ್ನ ಸೈಟಿಗೆ ಬೀಗ ಹಾಕಿದೀನಿ."

ಅತ್ತೆಯ ಸೂಜಿ ನಿಲ್ಲಲಿಲ್ಲ. "ಯಾಕೆ, ಬಾಡಿಗೆ ಕಟ್ಟಿದೀನಲ್ಲ."

"ಬಾಡಿಗೆಯ ಮಾತಲ್ಲ. ನೀನು ಹೆಚ್ಚಿಗೆ ತಿಂತಿದೀಯ."

"ನಾನಾ? ವಾರದಿಂದ ನನಗೆ ಹಸಿವೇ ಇಲ್ಲ ಕಣೇ."

"ನಿನ್ನ ಸೈಟು ತಿಂತಿದೆ. ಸಾವಿರಾರು ತರದ ಕೂದಲು ಒಳಗೆ ತುಂಬಿಸಿಟ್ಟಿದೀಯಲ್ಲ, ಅದನ್ನ ಹುಡುಕೋಕೆ ಡೇಟಾಬೇಸು ಸಾಯ್ತಿದೆ."

"ತುಂಬಿಸಿಕೊಟ್ಟವಳು ಯಾರು? ಪಕ್ಕದ ಮನೆಯವಳಾ? ಒಂದೊಂದು ಬಣ್ಣಾನೂ ಬೇರೆ ಬೇರೆ ಹಾಕು ಅತ್ತೆ, ಗಿರಾಕಿಗೆ ಆರಿಸೋಕೆ ಚೆನ್ನಾಗಿರುತ್ತೆ ಅಂತ ಇದೇ ಸ್ಟೂಲಿನ ಮೇಲೆ ಕೂತು ಹೇಳಿದ್ದೆ."

ಥೂ ಅಕ್ಕ ನಿಯಮದ ಮೊರೆ ಹೋದಳು. "ನಿಯಮ ಎಲ್ಲರಿಗೂ ಒಂದೇ" ಎಂದಳು.

ಅತ್ತೆ ಸೂಜಿಯನ್ನು ಮರದ ತಲೆಯ ಕಿವಿಯ ಹತ್ತಿರ ಚುಚ್ಚಿ ನಿಲ್ಲಿಸಿದಳು. "ನಿಯಮ ಆಮೇಲಿಡು. ಇದನ್ನ ನೋಡು." ಅದು ಅರ್ಧ ಮುಗಿದಿದ್ದ ಬಲೆಯ ಟೋಪಿ, ಚಿಕ್ಕ ಅಳತೆ. "ಒಬ್ಬ ಟೀಚರಮ್ಮಂದು. ಕಾಯಿಲೆ ಬಂದು ತಲೆ ಪೂರ್ತಿ ಬೋಳಾಗಿದೆ. ಸೋಮವಾರ ಕ್ಲಾಸಿಗೆ ವಾಪಸ್ ಹೋಗ್ಬೇಕು, ಮಕ್ಕಳ ಮುಂದೆ ನಿಲ್ಲಬೇಕು. ಬಣ್ಣ ಯಾವುದು ಅಂತ ಶುಕ್ರವಾರದೊಳಗೆ ಸೈಟಲ್ಲೇ ಆರಿಸ್ತೀನಿ ಅಂತ ಅಳತೆ ಜೊತೆ ಬರೆದಿದಾಳೆ. ಆಮೇಲೆ ನಾನು ಎರಡು ದಿನ ಕೂತು ಹೆಣೀಬೇಕು."

"ಫೋನ್ ಮಾಡಿ ಕೇಳು."

"ಯಾವ ಫೋನಿಗೆ? ನನ್ನ ಗಿರಾಕಿಗಳು ಹೆಸರು ಹೇಳ್ತಾರಾ, ನಂಬರ್ ಕೊಡ್ತಾರಾ?"

ಅದು ನಿಜ. ವಿಗ್ ಅಂಗಡಿಯ ಮೆಟ್ಟಿಲು ಹತ್ತುವುದಕ್ಕಿಂತ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವುದು ವಾಸಿ ಎನ್ನುವ ಜನ ಅವರು. ಸೈಟಿನಲ್ಲಿ ಆರಿಸುತ್ತಾರೆ, ಅಳತೆ ಬರೆಯುತ್ತಾರೆ, ಬೀದಿ ತುದಿಯ ಪೇಪರ್ ಅಂಗಡಿಯಲ್ಲಿ ಇಟ್ಟ ಪೊಟ್ಟಣವನ್ನು ಆರ್ಡರ್ ಸಂಖ್ಯೆ ಹೇಳಿ ಎತ್ತಿಕೊಂಡು ಮಾಯವಾಗುತ್ತಾರೆ. ಅತ್ತೆಗೆ ಅವರ ಮುಖ ಗೊತ್ತಿಲ್ಲ, ತಲೆಯ ಸುತ್ತಳತೆ ಮಾತ್ರ ಗೊತ್ತು.

"ಶುಕ್ರವಾರದೊಳಗೆ ಸರ್ವರ್ ಸುಮ್ಮನಾದ್ರೆ ನೋಡೋಣ" ಎಂದು ಥೂ ಅಕ್ಕ ಎದ್ದಳು.

"ನೋಡು, ನೋಡು. ಹುಟ್ಟಿದಾಗಿನಿಂದ ನೋಡಿದ್ದೇ ಆಯ್ತು ನೀನು" ಎಂದಳು ಅತ್ತೆ.

ಗುರುವಾರ ಮಧ್ಯಾಹ್ನ ಸರ್ವರ್ ಮತ್ತೆ ಏದುಸಿರು ಬಿಟ್ಟಿತು. ಅತ್ತೆಯ ಬಾಗಿಲಿಗೆ ಬೀಗ ಬಿದ್ದಿದ್ದರೂ ಉಬ್ಬಸ ಒಂದು ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ. ಇಲ್ಲಿ ನಮ್ಮ ನಿಮ್ಮಂಥವರಾದರೆ ಅತ್ತೆಯ ಬೀಗ ತೆಗೆದು ತಪ್ಪಾಯಿತು ಎನ್ನುತ್ತಿದ್ದೆವು. ಥೂ ಅಕ್ಕ ಆ ಪೈಕಿಯಲ್ಲ. ಈಗ ತೆಗೆದರೆ ನೆಂಟಸ್ತಿಕೆ ನೋಡಿದಳು ಎನ್ನುತ್ತಾರೆ. ಹಾಗೆ ಅನ್ನಿಸಿಕೊಳ್ಳುವುದಕ್ಕಿಂತ ಸಕ್ಕರೆಯ ಲೋಟದಲ್ಲಿ ನೀರು ಕುಡಿಯುವುದು ಮೇಲು. ಸಾಲಿನ ಮೇಲ್ತುದಿಯಲ್ಲಿ ಈಗ ಡ್ರೈವಿಂಗ್ ಸ್ಕೂಲೊಂದರ ಹೆಸರಿತ್ತು. ಬೀಗ. ಅದರ ಹಿಂದೆ ಹಳೆ ಪಿಯಾನೋ ಮಾರುವವನು ಕಂಡ. ಬೀಗ. ಕಳ್ಳರು ಒಬ್ಬರಿಗೊಬ್ಬರು ಸನ್ನೆ ಮಾಡಿಕೊಂಡು ಸರದಿಯ ಮೇಲೆ ನುಗ್ಗುತ್ತಿದ್ದಾರೆಂದು ಅವಳಿಗೆ ಖಾತ್ರಿಯಾಯಿತು. ಕಾವಲನ್ನು ಬಿಗಿಗೊಳಿಸಿದಳು. ದೊಡ್ಡ ತಪಾಸಣೆ ಊಟದ ಹೊತ್ತಿಗಷ್ಟೇ ಏಕೆ, ದಿನವಿಡೀ ನಡೆಯಲಿ. ಒಂದು ಸುತ್ತು ಮುಗಿದ ಕೂಡಲೇ ಇನ್ನೊಂದು.

ಶುಕ್ರವಾರ ಬೆಳಿಗ್ಗೆಯಿಂದಲೇ ಸರ್ವರ್ ಮಲಗಿತು. ಫೋನುಗಳು ಬಿಸಿಯಾಗಿ ಅವುಗಳ ಮೇಲೆ ಸಕ್ಕರೆ ಬ್ರೆಡ್ಡು ಸುಟ್ಟುಕೊಳ್ಳಬಹುದಿತ್ತು. ಅವನ ದನಿಯ ಸಿಹಿಯೂ ಬತ್ತಿ, "ದಯವಿಟ್ಟು ಕಾಯಿರಿ" ಎನ್ನುವುದು ಗದರಿದ ಹಾಗೆ ಕೇಳುತ್ತಿತ್ತು. ಧಣಿ ಬಾಗಿಲಲ್ಲಿ ನಿಂತು, "ಸಂಜೆಯೊಳಗೆ ಆ ಕಳ್ಳ ನನ್ನ ಕೈಗೆ ಬೇಕು, ಅಕ್ಕ. ಅಲ್ಲಿವರೆಗೂ ಹಾಕಿದ ಬೀಗ ಒಂದೂ ತೆಗೀಬೇಡಿ" ಎಂದು ಹೋದ.

ಅವನು ಅತ್ತ ಹೋದನೋ ಇಲ್ಲವೋ, ಸಕ್ಕರೆ ಫೋನಿಗೆ ಕೈ ಚಾಚುವ ಭರದಲ್ಲಿ ಕಿತ್ತಳೆ ಬಣ್ಣದ ಪಾನಕದ ಬಾಟಲಿಯನ್ನು ಥೂ ಅಕ್ಕನ ಕೀಬೋರ್ಡಿನ ಮೇಲೆ ಉರುಳಿಸಿದ.

ಬಕೆಟ್ಟಿನ ಸೊಳ್ಳೆಗಳೂ ರೆಕ್ಕೆ ಬಡಿಯುವುದನ್ನು ನಿಲ್ಲಿಸಿದವು. ಥೂ ಅಕ್ಕ ಕಂಪ್ಯೂಟರಿನ ಪ್ಲಗ್ ಕಿತ್ತಳು. ಕೀಬೋರ್ಡನ್ನು ಕಾಗದದ ಮೇಲೆ ಬೋರಲು ಹಾಕಿ ಕುಟ್ಟಿದಳು. ಅದರೊಳಗಿಂದ ಸಕ್ಕರೆಯ ಸಮಸ್ತ ಜೀವನ ಉದುರಿತು: ಬಿಸ್ಕತ್ತಿನ ಪುಡಿ, ಕಡಲೆಕಾಯಿ ಸಿಪ್ಪೆ, ಒಂದು ಉಗುರಿನ ಚೂರು, ಏನೆಂದು ಹೇಳಲಾಗದ ಮೃದುವಾದ ಒಂದು ವಸ್ತು. ಎಲ್ಲವೂ ಕಿತ್ತಳೆ ಬಣ್ಣದ ಅಂಟಿನಲ್ಲಿ ಒಂದನ್ನೊಂದು ತಬ್ಬಿಕೊಂಡಿದ್ದವು. ನನ್ನ ಕೀಬೋರ್ಡಿಗೆ ಇವನ ಉಗುರು ಹೇಗೆ ಬಂತು ಎಂದು ಕೇಳುವಷ್ಟು ಶಕ್ತಿಯೂ ಅವಳಲ್ಲಿ ಉಳಿದಿರಲಿಲ್ಲ. ಸ್ಪಿರಿಟ್, ಹತ್ತಿ, ಹಲ್ಲುಕಡ್ಡಿ ತಂದು ಒಂದೊಂದೇ ಕೀಲಿಯನ್ನು ಕಿತ್ತು ತೊಳೆಯುತ್ತ ಕೂತಳು. ಲೋಡು, ಧಣಿ, ಅತ್ತೆ, ಟೀಚರಮ್ಮ ಎಲ್ಲರೂ ಕಾಯಲಿ. ಗಲೀಜಿನ ಮೇಲೆ ಬೆರಳಿಡುವುದು ಅವಳಿಂದಾಗದು.

ಊಟದ ಹೊತ್ತು ಬಂತು, ಹೋಯಿತು. ಅವಳು ಇನ್ನೂ ತೊಳೆಯುತ್ತಲೇ ಇದ್ದಳು.

"ಅಕ್ಕಾ" ಎಂದ ಸಕ್ಕರೆ, ಹೆದರಿ ಹೆದರಿ. "ಫೋನು ಕೆಟ್ಟಿರಬೇಕು."

"ಯಾಕೆ?"

"ಆವಾಗಿಂದ ಒಂದೂ ಬಂದಿಲ್ಲ."

ಫೋನು ಕೆಟ್ಟಿರಲಿಲ್ಲ. ಸಕ್ಕರೆಯ ಸ್ಕ್ರೀನಿನಲ್ಲಿ ಮೂರನೆಯ ಸರ್ವರಿನ ಗೆರೆ ನೆಲಕ್ಕಂಟಿ, ಊಟ ಮಾಡಿ ಮಲಗಿದ ಮುದುಕನ ಹಾಗೆ ತೆಪ್ಪಗಿತ್ತು. ಥೂ ಅಕ್ಕ ಹಲ್ಲುಕಡ್ಡಿ ಹಿಡಿದುಕೊಂಡೇ ಆ ಗೆರೆಯನ್ನು ನೋಡಿದಳು. ತನ್ನ ಕಂಪ್ಯೂಟರಿಗೆ ಪ್ಲಗ್ ಹಾಕಿದಳು. ಕಾವಲುಗಾರ ಎಚ್ಚೆತ್ತು ಎಣಿಕೆಗೆ ಹೊರಟ. ಗೆರೆ ತಲೆಯೆತ್ತಿತು. ಪ್ಲಗ್ ಕಿತ್ತಳು. ಗೆರೆ ಮಲಗಿತು. ಮತ್ತೆ ಹಾಕಿದಳು, ಮತ್ತೆ ಎದ್ದಿತು.

ಕೊನೆಗೆ ಅವಳು, ಬಚ್ಚಲಿನ ಜಾಲರಿ ಎತ್ತುವವರ ಮುಖ ಮಾಡಿಕೊಂಡು, ಕಾವಲುಗಾರನ ಹೆಸರನ್ನು ಮರೆಮಾಡಿದ್ದ, ಪ್ರೋಗ್ರಾಮಿನ ಆ ಒಂದು ಸಾಲನ್ನು ಮೌಸಿನಿಂದಲೇ ಅಳಿಸಿದಳು. ಸ್ಕ್ರೀನು ತುಂಬಿ ಹೋಯಿತು. ಮೇಲೆ ಕಾವಲುಗಾರ, ಕೆಳಗೆ ಕಾವಲುಗಾರ, ನಡುವೆ ಕಾವಲುಗಾರ. ಒಂದೊಂದು ಗೂಡಿಗೂ ನುಗ್ಗಿ ಒಲೆಯ ಮುಂದೆ ಚಕ್ಕಂಬಕ್ಕಳ ಹಾಕಿ ಕೂತು ಕಾಳು ಎಣಿಸುತ್ತಿದ್ದವನು ಅವನೇ. ಅತ್ತೆಯ ಕೂದಲಿನ ಉಗ್ರಾಣ ಎಲ್ಲರದ್ದಕ್ಕಿಂತ ದೊಡ್ಡದು, ಹಾಗಾಗಿ ಅಲ್ಲಿ ಹೆಚ್ಚು ಹೊತ್ತು ಕೂರುತ್ತಿದ್ದ; ಮೂರನೆಯ ಸರ್ವರಿಗೇ ಉಬ್ಬಸ ಹಿಡಿದದ್ದೂ ಅದಕ್ಕೇ. ಅವನ ಬೆನ್ನ ಹಿಂದೆ ಖಾಲಿ ಪಾತ್ರೆ ಹಿಡಿದು ಕಾದು ನಿಂತಿದ್ದವಳು ಅತ್ತೆ. ಕಾದು ನಿಂತವಳನ್ನು ಕಳ್ಳಿ ಎಂದು ಹಿಡಿದಿದ್ದಳು ಥೂ ಅಕ್ಕ. ಬಾಗಿಲಿಗೆ ಬೀಗ ಹಾಕಿದರೂ ಉಗ್ರಾಣದಲ್ಲಿ ಕೂದಲು ಹಾಗೆಯೇ ಇತ್ತು, ಅದನ್ನು ಎಣಿಸುವವನೂ ಇದ್ದ.

ಅವಳು ಪ್ಲಗ್ ಕಿತ್ತಳು. ಕಪ್ಪಾದ ಸ್ಕ್ರೀನಿನಲ್ಲಿ ಅವಳದೇ ಮುಖ ಕಂಡಿತು.

"ಥೂ" ಎಂದಳು.

ಈ ಸಂಗತಿ ಗೊತ್ತಿದ್ದದ್ದು ಅವಳಿಗೊಬ್ಬಳಿಗೆ. ದೊಡ್ಡ ತಪಾಸಣೆಯನ್ನು ಸದ್ದಿಲ್ಲದೆ ಅಳಿಸಿ, ಕಳ್ಳರಿಗೆಲ್ಲ ಬೀಗ ಬಿತ್ತು, ಸರ್ವರ್ ಸರಿಹೋಯಿತು ಎಂದರೆ ಧಣಿ ಭೇಷ್ ಎನ್ನುತ್ತಿದ್ದ. ಅತ್ತೆ ಕಳ್ಳಿಯಾಗಿಯೇ ಉಳಿಯುತ್ತಿದ್ದಳು, ಟೀಚರಮ್ಮ ಬೋಳುತಲೆಯಲ್ಲಿ ಕ್ಲಾಸಿಗೆ ಹೋಗುತ್ತಿದ್ದಳು. ಹಾಗೆ ಮಾಡಿಬಿಡಬಹುದು ಎಂಬ ಯೋಚನೆ ಅವಳ ತಲೆಗೂ ಬಂತು. ಬಂದದ್ದಕ್ಕೆ ಅವಳ ಮೈಯೆಲ್ಲ ಜಿಗುಟು ಜಿಗುಟಾಯಿತು, ಆ ಕಿತ್ತಳೆ ಪಾನಕದಲ್ಲಿ ಅದ್ದಿ ತೆಗೆದ ಹಾಗೆ. ತನ್ನ ಕಂಪ್ಯೂಟರಿಗೆ ಮತ್ತೆ ಪ್ಲಗ್ ಹಾಕಿ, ಸಕ್ಕರೆಯನ್ನು ಅವನ ಕುರ್ಚಿಯಿಂದ ಎಬ್ಬಿಸಿ, ಅವನ ಎಣ್ಣೆ ಕೀಬೋರ್ಡಿನ ಮೇಲೆ ಬರಿಗೈ ಇಟ್ಟು, ಅಲ್ಲಿಂದಲೇ ಕಾವಲುಗಾರನ ದೊಡ್ಡ ತಪಾಸಣೆಯನ್ನು ಬೇರುಸಹಿತ ಅಳಿಸಿ, ಮೊದಲು ಅತ್ತೆಯ ಬೀಗವನ್ನು, ಆಮೇಲೆ ಉಳಿದವರದ್ದನ್ನು ತೆಗೆದಳು. ಅವಳು ಒರೆಸದೆ ಆ ಕೀಬೋರ್ಡ್ ಮುಟ್ಟಿದ್ದು ಕಂಡು ಸಕ್ಕರೆ ಮೆಲ್ಲುವುದನ್ನೇ ಮರೆತ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಏದುಸಿರು ಕೇಳಿಸಿತು. ಈ ಸಲ ಸರ್ವರಿನದಲ್ಲ, ಅತ್ತೆಯದು. ಕೈಯಲ್ಲೊಂದು ಖಾಲಿ ಗೋಣಿಚೀಲ ಹಿಡಿದುಕೊಂಡು ಬಂದಿದ್ದಳು. ಅವಳ ಹಿಂದೆಯೇ, ಏನು ಗಲಾಟೆ ಎಂದು ನೋಡಲು, ಟೋಪಿ ಸರಿಮಾಡಿಕೊಳ್ಳುತ್ತ ಧಣಿ ಬಂದ.

"ನನ್ನ ಕೂದಲೆಲ್ಲ ಇದರಲ್ಲಿ ತುಂಬಿ ಕೊಡು" ಎಂದಳು ಅತ್ತೆ ಚೀಲ ಒಡ್ಡಿ. "ಬೇರೆ ವಠಾರ ನೋಡ್ಕೋತೀನಿ."

"ಇವರು ಯಾರು?" ಎಂದ ಧಣಿ.

"ಕಳ್ಳಿ" ಎಂದಳು ಅತ್ತೆ. ಆಮೇಲೆ ಅವನ ಟೋಪಿಯನ್ನು, ಅದರ ಅಂಚಿನಿಂದ ಇಳಿಯುತ್ತಿದ್ದ ಬೆವರನ್ನು ಕಸುಬಿನ ಕಣ್ಣಿನಲ್ಲಿ ಅಳೆದಳು. "ಉಣ್ಣೆ ಒಳಗೆ ಉಸಿರು ಕಟ್ಟುತ್ತೆ ಸ್ವಾಮಿ, ಬಲೆಯದ್ದು ಹಾಕ್ಕೊಳ್ಳಿ, ಗಾಳಿ ಆಡುತ್ತೆ. ನಮ್ಮ ಸೈಟಲ್ಲಿ ಆರಿಸಬಹುದಿತ್ತು. ನೀವೇ ಬೀಗ ಜಡಿದಿದೀರಿ."

ಧಣಿಯ ಕೈ ತಾನಾಗಿಯೇ ಟೋಪಿಯ ಮೇಲೆ ಹೋಯಿತು. ಸಕ್ಕರೆ ಫೋನು ಬಾರದಿದ್ದರೂ ಫೋನೆತ್ತಿ ಮುಖ ಮುಚ್ಚಿಕೊಂಡ.

"ಬೀಗ ತೆಗೆದಿದೀನಿ ಅತ್ತೆ" ಎಂದಳು ಥೂ ಅಕ್ಕ. "ಕಳ್ಳಿ ನೀನಲ್ಲ, ನಾನು. ಸಾರ್, ನೀವೂ ಕೇಳಿಸ್ಕೊಳ್ಳಿ." ಹೇಳಿದಳು, ಒಂದೂ ಬಿಡದೆ: ಊಟದ ಹೊತ್ತಿನ ಎಣಿಕೆ, ಮರೆಮಾಡಿದ ಹೆಸರು, ಪ್ಲಗ್ ಕಿತ್ತದ್ದು, ಗೆರೆ ಮಲಗಿದ್ದು. ಹೇಳುವಾಗ ಯಾರ ಮುಖವನ್ನೂ ನೋಡದೆ ಹಳದಿ ನೀರಿನ ಬಕೆಟ್ಟನ್ನೇ ನೋಡುತ್ತಿದ್ದಳು.

ಹೇಳಿ ಮುಗಿಸುವ ಹೊತ್ತಿಗೆ ಅತ್ತೆಯ ಸೊಂಟದಲ್ಲಿ ಸಿಕ್ಕಿಸಿದ್ದ ಮೊಬೈಲು ಕಿಣಿಗುಟ್ಟಿತು. ಸೈಟಿನಿಂದ ಬಂದ ಆರ್ಡರ್. ಅತ್ತೆ ತೋಳುದ್ದ ದೂರ ಹಿಡಿದು ಓದಿದಳು: "ಗಾಢ ಕಂದು. ಎರಡು ದಿನದಿಂದ ಬಾಗಿಲೇ ತೆರೀಲಿಲ್ಲ. ಟೋಪಿ ಹಾಕ್ಕೊಂಡೇ ಕ್ಲಾಸಿಗೆ ಹೋಗಬೇಕೇನೋ ಅಂದುಕೊಂಡಿದ್ದೆ." ಓದಿ, ಗೋಣಿಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು. "ಬುಧವಾರದ ತನಕ ಕಾಯ್ಬೇಡ, ಇವತ್ತು ಸಂಜೆ ಬಂದು ಸೂಜಿಗೆ ಕೂದಲು ಪೋಣಿಸಿಕೊಡು. ಒಂದೊಂದೇ ಎಳೆ, ಬರಿಗೈಯಲ್ಲಿ" ಎಂದಳು. ಶಿಕ್ಷೆ ಎಂದರೆ ಏನೆಂದು ಅತ್ತೆಗೆ ಗೊತ್ತಿತ್ತು.

ಧಣಿಗೆ ಮಾತ್ರ ಟೋಪಿಯ ಉರಿ ಇನ್ನೂ ಆರಿರಲಿಲ್ಲ. ಗೋಡೆಯ ಮೇಲಿನ ನಿಯಮಕ್ಕೆ ಬೆರಳು ತೋರಿಸಿದ. "ಎಲ್ಲ ಸರಿ ಅಕ್ಕ. ಆದರೆ ಹೆಚ್ಚಿಗೆ ತಿಂದವರು ಯಾರೇ ಆಗಲಿ ಹೊರಗೆ ಅಂತ ಬರೆದವರು ನೀವೇ. ಕುರ್ಚಿ ಬಿಟ್ಟು ಹೋಗ್ತೀನಿ ಅಂತ ಈ ಲಿಫ್ಟಿಗೂ ಹೇಳಿದೀರ. ಈಗ ಏನು ಮಾಡೋಣ, ನೀವೇ ಹೇಳಿ."

ಥೂ ಅಕ್ಕ ತನ್ನ ಕುರ್ಚಿಯ ಹತ್ತಿರ ಹೋದಳು. ಸ್ಪಿರಿಟ್ ಹಾಕಿದ ಬಟ್ಟೆಯಲ್ಲಿ ಅದನ್ನು ಕೊನೆಯ ಸಲ ಒರೆಸಿ, ಧಣಿಯ ಕಡೆ ನೂಕಿದಳು.

"ಹೊರಗೆ ಹಾಕಿ, ಸಾರ್. ಕಾರಣ ಮಾತ್ರ ಸರಿಯಾಗಿ ಬರೀರಿ. ಎಷ್ಟು ಬೇಕಾದರೂ ಬಳಸಿ ಅಂತ ಕೆಳಗೆ ಬೋರ್ಡ್ ಹಾಕಿದೀರಲ್ಲ, ಇಷ್ಟು ವರ್ಷದಲ್ಲಿ ಅದನ್ನ ನಂಬಿ ಹೊಟ್ಟೆ ತುಂಬ ತಿಂದವಳು ಇವಳೊಬ್ಬಳೇ ಅಂತ."